ತುರಹಳ್ಳಿ ಬಂಡೆ ಮೇಲೆ ಎಲ್ಲಿ ಕಾಲಿಡಬೇಕು

ಬೆಂಗಳೂರಿನ ತುರಹಳ್ಳಿ ಕಾಡಿಗೆ ಬರುವವರಲ್ಲಿ ಹೆಚ್ಚಿನವರ ಕಣ್ಣು ಮೇಲಕ್ಕೇ ಇರುತ್ತದೆ. ಮರ, ಹಕ್ಕಿ, ಸೂರ್ಯೋದಯ. ಕಾಲ ಕೆಳಗಿನ ಬಂಡೆ ಏನಿದ್ದರೂ ಕೂತು ಫೋಟೊ ತೆಗೆಸಿಕೊಳ್ಳೋದಕ್ಕೆ. ನನ್ನ ಕಣ್ಣು ಮಾತ್ರ ಕೆಳಗೇ ಹೋಗುತ್ತದೆ, ಕಸುಬಿನಿಂದ ಬಂದ ಚಾಳಿ. ಬೋರ್‌ವೆಲ್ ಲಾರಿಯಲ್ಲಿ ಸೂಪರ್‌ವೈಸರ್ ಆಗಿ ದುಡಿದವನು ನಾನು. ಈ ಊರಿನ ಬಂಡೆಯನ್ನು ಮೇಲಿಂದ ನೋಡಿದ್ದಕ್ಕಿಂತ ಅದರ ಹೊಟ್ಟೆಯಿಂದ ಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ನೋಡಿದ್ದೇ ಜಾಸ್ತಿ. ಈಗ ಕೆಲಸ ಬಿಟ್ಟಿದ್ದೇನೆ. ನಮ್ಮ ಬಡಾವಣೆಯ ಹುಡುಗರನ್ನು, ಬಂದರೆ ಅವರ ಅಪ್ಪ ಅಮ್ಮನನ್ನೂ, ಕರೆದುಕೊಂಡು ಹೋಗಿ ಬಂಡೆ ಸುತ್ತಿಸುತ್ತೇನೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ನಡೆದರೆ ಬಂಡೆಗೆ ಏನೂ ಆಗುವುದಿಲ್ಲ. ಪೆಟ್ಟು ಬೀಳುವುದು ಬಂಡೆಯ ತಗ್ಗಿನಲ್ಲಿ ಕೂತ ಎರಡು ಬೆರಳು ದಪ್ಪದ ಮಣ್ಣಿಗೆ, ಆ ಮಣ್ಣಿನ ಅಂಚಿನ ಪಾಚಿಗೆ, ಮಳೆ ಬಿಟ್ಟುಹೋದ ಗೇಣುದ್ದದ ನೀರಿಗೆ. ಹಾಗಾಗಿ ಬರಿಗಲ್ಲು ಕಂಡಲ್ಲಿ ಕಾಲಿಡಿ, ಹಸಿರು ಕಂಡಲ್ಲಿ ಬಳಸಿಕೊಂಡು ಹೋಗಿ. ಜನ ಮಾಡೋದು ಇದಕ್ಕೆ ಉಲ್ಟಾ. ಮೆತ್ತಗಿದೆ ಅಂತ ಹುಲ್ಲಿನ ಮೇಲೇ ನಡೆಯುತ್ತಾರೆ.

ಮೊದಲು ಲಾಲ್‌ಬಾಗ್

ಕಲ್ಲು ನೋಡಿ ಅಭ್ಯಾಸ ಇಲ್ಲದವರು ಸೀದಾ ಕಾಡಿಗೆ ಹೋಗಬೇಡಿ. ಒಂದು ಬೆಳಗ್ಗೆ ಲಾಲ್‌ಬಾಗ್ ಬಂಡೆ ಹತ್ತಿ. ಕೆಂಪೇಗೌಡರ ಗೋಪುರ ಇದೆಯಲ್ಲ, ಅದೇ ಬಂಡೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ಸುಮಾರು 300 ಕೋಟಿ ವರ್ಷದ ಕಲ್ಲು ಅದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ ಅವರು 1916ರಲ್ಲಿ ಇದನ್ನು ನೋಡಿಯೇ ಈ ಜಾತಿಯ ಕಲ್ಲಿಗೆ ಪೆನಿನ್ಸುಲರ್ ನೈಸ್ ಅಂತ ಹೆಸರಿಟ್ಟರು. ಬೆಂಗಳೂರಿನ ಬಹುಪಾಲು ನೆಲದ ಅಡಿಯಲ್ಲಿ ಇರುವುದು ಇದೇ ಕಲ್ಲು. ನಿಮ್ಮ ಮನೆಯ ಸಂಪಿನ ಕೆಳಗೂ.

ಅಲ್ಲಿ ಹೋಗಿ ಮಾಡಬೇಕಾದ್ದು ಇಷ್ಟೇ. ಬಾಟಲಿಯಿಂದ ಒಂದಿಷ್ಟು ನೀರು ಅಂಗೈಗೆ ಸುರಿದು, ಪಾಚಿ ಇಲ್ಲದ ಕಡೆ ಬಂಡೆಗೆ ಸವರಿ. ಒದ್ದೆ ಕಲ್ಲಿನಲ್ಲಿ ಬಣ್ಣ ಎದ್ದು ಕಾಣುತ್ತದೆ. ಬಿಳಿ ಪಟ್ಟೆ, ಕಪ್ಪು ಪಟ್ಟೆ, ಮತ್ತೆ ಬಿಳಿ. ಕೆಲವು ಕಡೆ ಪಟ್ಟೆಗಳು ಮಡಚಿ, ತಿರುಚಿಕೊಂಡಿರುತ್ತವೆ. ಭೂಮಿಯೊಳಗೆ ಹಲವು ಕಿಲೋಮೀಟರ್ ಆಳದಲ್ಲಿ, ಕಾವಿಗೂ ಒತ್ತಡಕ್ಕೂ ಸಿಕ್ಕಿ ಕಲ್ಲು ಮೆತ್ತಗಾಗಿ ಹಿಗ್ಗಿದ್ದಕ್ಕೆ ಆ ಪಟ್ಟೆಗಳೇ ಸಾಕ್ಷಿ. ಅಷ್ಟು ಆಳದಲ್ಲಿದ್ದದ್ದು ಈಗ ಬಿಸಿಲಿಗೆ ಬಂದಿದೆ ಅಂದರೆ ಅದರ ಮೇಲಿದ್ದ ಕಲ್ಲೆಲ್ಲ ಸವೆದು ಹೋಗಿದೆ ಅಂತ ಅರ್ಥ. ನಾನು ಇದನ್ನು ಹೇಳಿದಾಗ ಮಕ್ಕಳು ತಲೆ ಎತ್ತಿ ಖಾಲಿ ಆಕಾಶ ನೋಡುತ್ತಾರೆ. ನೋಡಲಿ ಬಿಡಿ, ಅದೇ ಸರಿಯಾದ ದಿಕ್ಕು.

ಒಂದು ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಗಾಜಿನ ಚೂರಿನಂತೆ ಹೊಳೆದರೂ ಚಪ್ಪಟೆ ಮುಖ ಇಲ್ಲದ್ದು ಬೆಣಚುಕಲ್ಲು. ಬಿಳಿ ಅಥವಾ ತಿಳಿ ಗುಲಾಬಿ ಬಣ್ಣದಲ್ಲಿದ್ದು, ತಿರುಗಿಸಿದರೆ ಚಪ್ಪಟೆ ಮುಖ ಮಿಂಚುವುದು ಫೆಲ್ಡ್‌ಸ್ಪಾರ್. ಕರಿ ಪಟ್ಟೆಯಲ್ಲಿ ಉಗುರಿಗೆ ಪದರ ಪದರವಾಗಿ ಏಳುವುದು ಕಾಗೆ ಬಂಗಾರ. ಈ ಮೂರು ಗೊತ್ತಾದರೆ ತುರಹಳ್ಳಿಗೆ ಸಾಕು. ಬಂಡೆಯನ್ನು ಕೆರೆಯಬೇಡಿ, ಕುಟ್ಟಬೇಡಿ. ಉದುರಿದ ಕಾಳುಗಳು ಬೇಕಾದಷ್ಟು ಇರುತ್ತವೆ, ಅವನ್ನೇ ಹೆಕ್ಕಿ ನೋಡಿ ಅಲ್ಲೇ ಬಿಡಿ.

ಹೊರಡುವಾಗ

ಲಾಲ್‌ಬಾಗ್ ನಿಲ್ದಾಣದಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ವಾಜರಹಳ್ಳಿ. ಅಲ್ಲಿಂದ ತುರಹಳ್ಳಿಗೆ ಆಟೊ. ಕಾರು ತರಬೇಡಿ ಅನ್ನೋದು ನನ್ನ ಬೇಡಿಕೆ. ಗೇಟಿನ ಹತ್ತಿರ ಜಾಗ ಇಲ್ಲದೆ ಜನ ಗಿಡಗಂಟಿ ಮೇಲೇ ನಿಲ್ಲಿಸಿ ಹೋಗುತ್ತಾರೆ. ಇದು ಅರಣ್ಯ ಇಲಾಖೆಯ ಕಾಡು, 600 ಎಕರೆಗೆ ಹತ್ತಿರ ಇದೆ. ಗೇಟಿನಲ್ಲಿ ಗಾರ್ಡ್ ಇದ್ದರೆ ಯಾವ ಹೊತ್ತಿನ ತನಕ ಬಿಡುತ್ತಾರೆ, ಯಾವ ಕಡೆ ಬಿಡುವುದಿಲ್ಲ ಅಂತ ಕೇಳಿಕೊಂಡೇ ಒಳಗೆ ಹೋಗಿ. 2021ರಲ್ಲಿ ಇಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನವರು ಎದ್ದು ನಿಂತು ಬೇಡ ಅಂದರು. ಆ ಕಾಡು ಕಾಡಾಗಿಯೇ ಇರಲಿ ಅಂದವರಲ್ಲಿ ವಾಕಿಂಗ್ ಮಾಡುವವರೂ ಇದ್ದರು. ಅದಕ್ಕೆ ತಕ್ಕ ಹಾಗೆ ನಡೆದುಕೊಳ್ಳುವ ಜವಾಬ್ದಾರಿಯೂ ನಮ್ಮದೇ ಅಲ್ವಾ?

ರಬ್ಬರ್ ಸೋಲಿನ ಬೂಟು, ತುಂಬು ಪ್ಯಾಂಟು, ನೀರು, ಟೋಪಿ. ಇವು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹಳೇ ಟೂತ್‌ಬ್ರಷ್. ಮನೆಯಲ್ಲೇ ಬೂಟಿನ ತಳ ಉಜ್ಜಿಕೊಂಡು ಹೊರಡಿ. ಖಾಲಿ ಸೈಟು, ರಸ್ತೆ ಬದಿ ಎಲ್ಲ ಕಾಂಗ್ರೆಸ್ ಗಿಡ ತುಂಬಿದೆ. ಅದರ ಬೀಜ ತೀರಾ ಸಣ್ಣದು, ಬೂಟಿನ ಮಣ್ಣಿನಲ್ಲಿ ಕೂತು ಕಾಡಿಗೆ ಬರುತ್ತದೆ. ಈಗಾಗಲೇ ಒಳಗೆ ಲಂಟಾನ ಸೇರಿಕೊಂಡು ಕಾರೆ, ಕವಳೆಯಂಥ ನಮ್ಮ ಮುಳ್ಳುಗಿಡಗಳನ್ನು ಒತ್ತುತ್ತಿದೆ. ನಾವು ಇನ್ನೊಂದನ್ನು ಹೊತ್ತು ತರೋದು ಬೇಡ.

ಒಬ್ಬರೇ ಹೋಗಬೇಡಿ. ಈ ಕಡೆ ಚಿರತೆ ಓಡಾಡುವ ಸುದ್ದಿ ಆಗಾಗ ಬರುತ್ತದೆ. ಕತ್ತಲಿರುವಾಗ ಒಳಗೆ ಇರಬಾರದು, ಸಣ್ಣ ಮಕ್ಕಳು ದೊಡ್ಡವರ ನಡುವೆ ಇರಬೇಕು. ನಾಯಿಯನ್ನು ಮನೆಯಲ್ಲೇ ಬಿಡಿ. ಅದರ ವಾಸನೆಗೆ ಚಿರತೆ ಬರುತ್ತದೆ, ಅದರ ಗಲಾಟೆಗೆ ಮಿಕ್ಕ ಪ್ರಾಣಿಗಳೆಲ್ಲ ಓಡುತ್ತವೆ.

ಕಲ್ಲಿನ ಮೇಲೆ ನಡೆಯುವ ಬಗೆ

ಹತ್ತುವಾಗ ಮೊದಲು ಸಿಗೋದು ಕಾಲಡಿ ಉರುಳುವ ಕಾಳು. ಹುಡುಗರು ಮರಳು ಅನ್ನುತ್ತಾರೆ. ಕಲ್ಲಿನಲ್ಲಿದ್ದ ಫೆಲ್ಡ್‌ಸ್ಪಾರ್ ಮಳೆನೀರಿಗೆ ಕರಗುತ್ತ ಜೇಡಿಯಾಗುತ್ತದೆ. ಜೇಡಿ ಕೊಚ್ಚಿ ಹೋಗುತ್ತದೆ. ಬೆಣಚು ಯಾವುದಕ್ಕೂ ಜಗ್ಗುವುದಿಲ್ಲ, ಕಾಳಾಗಿ ಅಲ್ಲೇ ಉಳಿಯುತ್ತದೆ. ಇಳಿಜಾರಿನಲ್ಲಿ ಜಾರಿ ಬೀಳುವವರು ಬೀಳೋದು ಹೆಚ್ಚಾಗಿ ಇದರ ಮೇಲೆ, ಅದೂ ಇಳಿಯುವಾಗ. ಕಾಳು ಇದ್ದ ಕಡೆ ಹೆಜ್ಜೆ ಸಣ್ಣದು ಮಾಡಿ, ಇಡೀ ಪಾದ ಊರಿ. ಹಿಮ್ಮಡಿ ಮೊದಲು ಊರಿದರೆ ಕಥೆ ಮುಗೀತು.

ಎರಡನೆಯದು ಕರಿ ಗೆರೆಗಳು. ದೊಡ್ಡ ಬಂಡೆಯ ಮೇಲೆ ನೀರು ಇಳಿಯುವ ದಾರಿಯಲ್ಲಿ ಉದ್ದಕ್ಕೆ ಕಪ್ಪು ಪಟ್ಟಿ ಇರುತ್ತದೆ. ಅದು ಕಲ್ಲಿನ ಬಣ್ಣವಲ್ಲ, ಕಣ್ಣಿಗೆ ಕಾಣದ ಜೀವಿಗಳು ಕಲ್ಲಿಗೆ ಅಂಟಿಕೊಂಡು ಮಾಡಿದ ತೆಳು ಪೊರೆ. ಒಣಗಿದಾಗ ಹಿಡಿತ ಇದೆ ಅನ್ನಿಸುತ್ತದೆ. ನಾಲ್ಕು ಹನಿ ಬಿದ್ದರೆ ಸೋಪು ಹಚ್ಚಿದ ಬಚ್ಚಲೂ ಅದಕ್ಕಿಂತ ವಾಸಿ. ಮೋಡ ಕವಿಯುತ್ತಿದ್ದ ಹಾಗೆ ತಿಳಿ ಬಣ್ಣದ ಕಲ್ಲನ್ನೇ ಹಿಡಿದು ಇಳಿಯಲು ಶುರು ಮಾಡಿ, ಕಾಯಬೇಡಿ.

ಆಮೇಲೆ ಸಿಪ್ಪೆ. ಮೇಲಿನ ಭಾರ ಹೋದ ಮೇಲೆ ಬಂಡೆ ಹಿಗ್ಗಿ, ಮೇಲ್ಮೈಗೆ ಸಮನಾಗಿ ಬಿರಿದು, ಚಪ್ಪಡಿ ಚಪ್ಪಡಿಯಾಗಿ ಎದ್ದುಕೊಳ್ಳುತ್ತದೆ. ನಮ್ಮ ಕಲ್ಲುಕುಟಿಗರು ಬೆಂಕಿ ಹಾಕಿ ಚಪ್ಪಡಿ ಎಬ್ಬಿಸುತ್ತಿದ್ದದ್ದು ಇದೇ ಗುಣ ನಂಬಿಕೊಂಡು. ಹಳೇ ಬೆಂಗಳೂರಿನ ಚರಂಡಿ ಮುಚ್ಚುವ ಕಲ್ಲು, ತೋಟದ ಬೇಲಿಯ ಕಲ್ಲು ಕಂಬ ಎಲ್ಲ ಹಾಗೆ ಬಂದದ್ದು. ದಾರಿಯಲ್ಲಿ ಇಂಥ ಚಪ್ಪಡಿ ಸಿಕ್ಕರೆ ಬೆರಳ ಗೆಣ್ಣಿನಿಂದ ತಟ್ಟಿ ಕೇಳಿ. ಗಟ್ಟಿ ಬಂಡೆ ಸದ್ದು ನುಂಗುತ್ತದೆ. ಅಡಿಯಲ್ಲಿ ಬಿಟ್ಟುಕೊಂಡ ಚಪ್ಪಡಿ ಟೊಳ್ಳಾಗಿ ಡಬಡಬ ಅನ್ನುತ್ತದೆ. ಟೊಳ್ಳು ಸದ್ದು ಬಂದ ಚಪ್ಪಡಿಯ ಅಂಚಿಗೆ ನಿಲ್ಲಬೇಡಿ, ಎತ್ತಿ ನೋಡಲೂ ಬೇಡಿ. ಅದರ ಕೆಳಗಿನ ಬೆರಳಗಲ ಸಂದು ಹಲ್ಲಿಗೆ, ಚೇಳಿಗೆ, ಬಂಡೆ ಓತಿಗೆ ಮನೆ. ಒಮ್ಮೆ ಎತ್ತಿಟ್ಟ ಚಪ್ಪಡಿ ಮೊದಲಿನ ಹಾಗೆ ಕೂರುವುದೇ ಇಲ್ಲ. ಸಂದು ಒಂದೋ ಅಗಲವಾಗುತ್ತದೆ, ಇಲ್ಲ ಮುಚ್ಚಿಹೋಗುತ್ತದೆ.

ಇದೇ ಕಾರಣಕ್ಕೆ ಕಲ್ಲಿನ ಮೇಲೆ ಕಲ್ಲು ಪೇರಿಸೋದು ನನಗೆ ಆಗಿಬರುವುದಿಲ್ಲ. ಫೋಟೊಗೆ ಚೆನ್ನಾಗಿದೆ ನಿಜ. ಪೇರಿಸಲು ಕಲ್ಲು ಎಲ್ಲಿಂದ ತಂದಿರಿ?

ಬಂಡೆ ಓತಿಯನ್ನು ನೋಡಲೇಬೇಕು ಅನ್ನೋರು ಬೇಸಿಗೆಯ ಕೊನೆಗೆ, ಮಳೆ ಶುರುವಾಗುವ ಹೊತ್ತಿಗೆ ಬನ್ನಿ. ಬಿಸಿಲೇರಿದ ಮೇಲೆ ಗಂಡು ಓತಿ ಗುಂಡುಕಲ್ಲಿನ ನೆತ್ತಿಯ ಮೇಲೆ ಕೂತು ತಲೆ ಕುಣಿಸುತ್ತದೆ. ಬೆದೆಯ ಕಾಲದಲ್ಲಿ ಅದರ ಬೆನ್ನು ಕೆಂಪು, ಪಕ್ಕೆ ಕಪ್ಪು. ಇನ್ನೊಂದು ಗಂಡು ಹತ್ತಿರ ಬಂದರೆ ನೋಡನೋಡುತ್ತಲೇ ಬಣ್ಣ ಬದಲಾಗುತ್ತದೆ. ಹೆಣ್ಣು ಕಲ್ಲಿನ ಬಣ್ಣದ್ದೇ, ಅಲುಗುವ ತನಕ ಕಾಣುವುದಿಲ್ಲ. ದೂರದಲ್ಲೇ ಕೂತು ಕಾಯಿರಿ. ನೀವು ಹತ್ತಿರ ಹೋದಷ್ಟು ಸಲ ಅದು ಬಿಸಿಲು ಬಿಟ್ಟು ಸಂದಿಗೆ ಇಳಿಯುತ್ತದೆ. ಮೈ ಕಾಯಿಸಿಕೊಳ್ಳದೆ ಅದಕ್ಕೆ ದಿನ ನಡೆಯುವುದಿಲ್ಲ.

ದೊಣೆ

ಇನ್ನು ನನಗೆ ಬಹಳ ಇಷ್ಟವಾದ ಜಾಗ. ಬಂಡೆಯ ಮೇಲೆ ಮಳೆನೀರು ನಿಲ್ಲುವ ಗುಳಿಗೆ ದೊಣೆ ಅನ್ನುತ್ತೇವೆ. ಕೆಲವು ಕೆರೆಯ ಮರಿಯಷ್ಟು ದೊಡ್ಡವು, ಕೆಲವು ಊಟದ ತಟ್ಟೆಯಷ್ಟು. ನೋಡಬೇಕಾದ್ದು ಚಿಕ್ಕವನ್ನೇ.

ಒಳ್ಳೆ ಮಳೆ ಬಂದು ಎರಡು ದಿನ ಬಿಟ್ಟು ಹೋಗಿ. ದೊಣೆಯಿಂದ ಒಂದು ಮಾರು ದೂರದಲ್ಲಿ, ಬರಿಗಲ್ಲಿನ ಮೇಲೆ, ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ನೆರಳು ನೀರಿಗೆ ಬೀಳದಂತೆ ನೋಡಿಕೊಳ್ಳಿ. ಮೊದಲು ಏನೂ ಕಾಣುವುದಿಲ್ಲ, ಬರೀ ಕಂದು ನೀರು. ಸ್ವಲ್ಪ ಹೊತ್ತಿಗೆ ತಳದಲ್ಲಿ ಕರಿ ಚುಕ್ಕೆಗಳು ಹೊರಳುತ್ತವೆ. ಗೊದಮೊಟ್ಟೆ. ಬಾಲ ಒಂದೇ ಇದ್ದದ್ದು, ಹಿಂಗಾಲು ಮೂಡಿದ್ದು, ಎರಡೂ ಒಂದೇ ಗುಳಿಯಲ್ಲಿ ಇರಬಹುದು. ನೀರು ಆರುವ ಮೊದಲು ಕಾಲು ಬಲಿತು ಹೊರಗೆ ಹಾರಿದರೆ ಕಪ್ಪೆ, ಇಲ್ಲದಿದ್ದರೆ ಇಲ್ಲ. ಬಿಸಿಲಿಗೆ ದಿನಕ್ಕಿಷ್ಟು ಅಂತ ಅಂಚು ಒಳಕ್ಕೆ ಸರಿಯುತ್ತಿರುತ್ತದೆ. ಹಿಂದಿನ ದಿನದ ನೀರಿನ ಮಟ್ಟ ಕಲ್ಲಿನ ಮೇಲೆ ಮಣ್ಣಿನ ಗೆರೆಯಾಗಿ ಉಳಿದಿರುತ್ತದೆ, ಅದರ ಒಳಗೆ ಇನ್ನೊಂದು ಗೆರೆ.

ಈಗ ಆ ನೀರಿಗೆ ಒಬ್ಬರು ಸನ್‌ಸ್ಕ್ರೀನ್ ಹಚ್ಚಿದ ಕೈ ಅದ್ದಿದರು ಅಂತಿಟ್ಟುಕೊಳ್ಳಿ. ಇನ್ನೊಬ್ಬರು ಬೂಟಿನ ಕೆಸರು ತೊಳೆದರು. ಕೆರೆಯಲ್ಲಾದರೆ ಅದು ಲೆಕ್ಕಕ್ಕಿಲ್ಲ. ಎರಡು ಬಕೆಟ್ ನೀರಿನಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ. ಹಾಗಾಗಿ ದೊಣೆಯ ನೀರಿಗೆ ಕೈ, ಕಾಲು, ಬಾಟಲಿ, ಕಡ್ಡಿ ಏನೂ ಹಾಕಬೇಡಿ. ಒಣಗಿದ ದೊಣೆಯ ಮಣ್ಣನ್ನೂ ತುಳಿಯಬೇಡಿ. ಮುಂದಿನ ಮಳೆಗೆ ಕಾಯುತ್ತಿರುವ ಬೀಜ ಇರೋದು ಆ ಧೂಳಿನಲ್ಲೇ.

ದೊಣೆಯ ಅಂಚಿನ ಪಾಚಿಯನ್ನು ಬೇಸಿಗೆಯಲ್ಲಿ ನೋಡಿದರೆ ಸುಟ್ಟುಹೋಗಿದೆ ಅನ್ನಿಸುತ್ತದೆ. ಕರ್ರಗೆ, ಗರಿಗರಿಯಾಗಿ ಮುದುರಿರುತ್ತದೆ. ಮಳೆಯ ಮೊದಲ ಹನಿಗಳಿಗೆ ಕೆಲವೇ ನಿಮಿಷದಲ್ಲಿ ಬಿಚ್ಚಿಕೊಂಡು ಹಸಿರಾಗುತ್ತದೆ. ಒಣಗಿದಾಗ ಕಾಲು ಬಿದ್ದರೆ ಮಾತ್ರ ಪುಡಿ. ಇಲ್ಲಿ ಮಣ್ಣು ಕಟ್ಟುವ ಕೆಲಸ ಶುರು ಮಾಡೋದೇ ಇದು. ಧೂಳು ಹಿಡಿದಿಟ್ಟುಕೊಳ್ಳುತ್ತದೆ, ಧೂಳಿನಲ್ಲಿ ಹುಲ್ಲು, ಹುಲ್ಲಿನ ಬುಡದಲ್ಲಿ ಒಂದು ತಂಗಡಿ ಗಿಡ.

ಕಲ್ಲಿಗೆ ಅಂಟಿಕೊಂಡ ಬೂದು, ಹಳದಿ, ಕಿತ್ತಳೆ ಬಣ್ಣದ ತೇಪೆಗಳು ಬೇರೆ. ಅವು ಶಿಲೀಂಧ್ರವೂ ಕಣ್ಣಿಗೆ ಕಾಣದ ಪಾಚಿಯೂ ಕೂಡಿ ಬಾಳುವ ಜೀವಿ. ಮಸಾಲೆಗೆ ಹಾಕುವ ಕಲ್ಲುಹೂವು ಇದೇ ಕುಲದ್ದು. ಇವು ವರ್ಷಕ್ಕೆ ಬೆಳೆಯೋದು ಮಿಲಿಮೀಟರ್ ಲೆಕ್ಕದಲ್ಲಿ. ಅಂಗೈ ಅಗಲದ ತೇಪೆ ಅಂದರೆ ನಿಮಗಿಂತ ಹಿರಿಯದಿರಬಹುದು. ಅದರ ಮೇಲೆ ಹೃದಯ ಕೊರೆದು, ಬಾಣ ಬಿಟ್ಟು, ಎರಡು ಹೆಸರು ಬರೆಯುವವರಿಗೆ ನಾನು ಹೇಳೋದು ಒಂದೇ: ಆ ತೇಪೆ ಮತ್ತೆ ಮುಚ್ಚಿಕೊಳ್ಳುವ ಹೊತ್ತಿಗೆ ನಿಮ್ಮ ಮೊಮ್ಮಕ್ಕಳು ಬಂದು ಓದುತ್ತಾರೆ.

ಬಿರುಕು ಓದೋದು

ಇದು ನನ್ನ ಕಸುಬಿನ ಭಾಗ. ಸ್ವಲ್ಪ ಉದ್ದ ಮಾತಾಡಿದರೆ ಸಹಿಸಿಕೊಳ್ಳಿ.

ಗಟ್ಟಿ ನೈಸ್ ಕಲ್ಲಿನೊಳಗೆ ನೀರು ನಿಲ್ಲುವುದಿಲ್ಲ. ನೀರು ಇರುವುದು ಅದರ ಬಿರುಕಿನಲ್ಲಿ ಮಾತ್ರ. ನಾವು ಕೊರೆಯುವಾಗ ಮೊದಲು ಕೆಂಪು ಮಣ್ಣು ಬರುತ್ತದೆ, ಕಲ್ಲಿನಲ್ಲಿದ್ದ ಕಬ್ಬಿಣ ತುಕ್ಕು ಹಿಡಿದದ್ದಕ್ಕೆ ಆ ಬಣ್ಣ. ಆಮೇಲೆ ಕೈಯಲ್ಲೇ ಮುರಿಯುವ ಪುಡಿಗಲ್ಲು. ಅಲ್ಲಿಯ ತನಕ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್. ಆಮೇಲೆ ಬೂದು ಬಿಳಿ ಪುಡಿ, ಗಟ್ಟಿ ಬಂಡೆ. ಅಲ್ಲಿಂದ ಗ್ಯಾಪ್, ಅಂದರೆ ನೀರಿರುವ ಬಿರುಕು, ಸಿಗುವ ತನಕ ಮಾಲೀಕರ ಮುಖ ನೋಡಲು ಆಗುವುದಿಲ್ಲ. ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದ ಬೋರ್‌ಗಳು ಈ ಊರಿನಲ್ಲಿ ಬೇಕಾದಷ್ಟಿವೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುವವರನ್ನೂ ಬಹಳ ನೋಡಿದ್ದೇನೆ. ಕಾಯಿ ಎದ್ದು ನಿಂತಿತು, ನೀರು ಏಳಲಿಲ್ಲ.

ತುರಹಳ್ಳಿಯಲ್ಲಿ ಕಾಯಿ ಬೇಡ. ಫೆಬ್ರವರಿ, ಮಾರ್ಚ್‌ನಲ್ಲಿ ಎತ್ತರದ ಬಂಡೆ ಮೇಲೆ ನಿಂತು ಸುತ್ತ ನೋಡಿ. ಹುಲ್ಲೆಲ್ಲ ಒಣಗಿ ಕಂದು ಬಣ್ಣ. ಅದರ ನಡುವೆ ಬರೀ ಬಂಡೆಯ ಮೇಲೆ ಗೆರೆ ಎಳೆದ ಹಾಗೆ ಸಾಲಾಗಿ ಹಸಿರು ಇರುತ್ತದೆ. ಒಂದು ಬಸರಿ, ಅದರಾಚೆ ಎರಡು ಪೊದೆ, ಮತ್ತೆ ಸ್ವಲ್ಪ ದೂರಕ್ಕೆ ಒಂದು ಅರಳಿ ಸಸಿ. ಆ ಸಾಲೇ ಬಿರುಕು. ಹಕ್ಕಿ ಹಣ್ಣು ತಿಂದು ಹಾಕಿದ ಬೀಜ ಎಲ್ಲ ಕಡೆ ಬೀಳುತ್ತದೆ, ಬದುಕೋದು ಬೇರಿಗೆ ತಂಪು ಸಿಕ್ಕ ಕಡೆ ಮಾತ್ರ. ಹತ್ತಿರ ಹೋಗಿ ನೋಡಿದರೆ ಬೇರು ಸಂದಿಗೆ ಇಳಿಯುತ್ತ ಇಳಿಯುತ್ತ ದುಂಡಗಿದ್ದದ್ದು ಹಲಗೆಯಂತೆ ಚಪ್ಪಟೆ ಆಗಿರುತ್ತದೆ. ಆ ಸಂದು ಎಷ್ಟಿದೆಯೋ ಅಷ್ಟೇ ದಪ್ಪ.

ಬಂಡೆಯ ಮೇಲೆ ಬಿದ್ದ ಮಳೆ ಕೆಳಗಿಳಿಯುವ ಬಾಗಿಲುಗಳು ಇವೇ. ಬೆಂಗಳೂರು ಇರೋದು ದಿಣ್ಣೆಯ ಮೇಲೆ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿ. ಹತ್ತಿರದಲ್ಲಿ ದೊಡ್ಡ ನದಿ ಇಲ್ಲ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಹಾರೋಹಳ್ಳಿ, ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಕಾವೇರಿ ನೀರನ್ನು ಈ ಕಡೆಯಿಂದಲೇ ಮೇಲಕ್ಕೆ ತರುತ್ತಾರೆ. ಅಷ್ಟು ಕಷ್ಟಪಡುವ ಊರಿನವರು ಬಿರುಕಿನ ಬಾಯಿಗೆ ಚಿಪ್ಸ್ ಪ್ಯಾಕೆಟ್ ತುರುಕುತ್ತಾರೆ. ನಾನು ಇಕ್ಕಳ ಇಟ್ಟುಕೊಂಡೇ ಹೋಗುತ್ತೇನೆ. ನೀವೂ ಒಂದು ಇಟ್ಟುಕೊಳ್ಳಿ, ಬರಿಗೈ ಹಾಕಬೇಡಿ. ಸಂದಿಯಲ್ಲಿ ಚೇಳು ಇರಬಹುದು, ಹುಲ್ಲಿನ ಅಂಚಿನಲ್ಲಿ ಕೊಳಕುಮಂಡಲ ಇರಬಹುದು.

ಮಕ್ಕಳು ಜೊತೆಗಿದ್ದರೆ ಒಂದು ಆಟ. ಹಳೇ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮಳೆನೀರು ಹರಿದುಹೋದ ಕಾಲುದಾರಿಯ ಮರಳಿನ ಮೇಲೆ ಆಡಿಸಿ. ಕರಿ ಕಾಳುಗಳು ಕವರಿಗೆ ಮೀಸೆ ಬಂದ ಹಾಗೆ ಅಂಟಿಕೊಳ್ಳುತ್ತವೆ. ಬಂಡೆಯಲ್ಲಿದ್ದ ಮ್ಯಾಗ್ನೆಟೈಟ್ ಅದು, ಕಬ್ಬಿಣದ ಅದಿರು. ಕವರ್ ತಿರುವಿದರೆ ಉದುರುತ್ತವೆ. ಅಲ್ಲೇ ಉದುರಿಸಿ. ಹಾರೋಹಳ್ಳಿ, ಕನಕಪುರದ ಕಡೆ ನೈಸ್ ಸೀಳಿಕೊಂಡು ಬಂದ ಕರಿಕಲ್ಲಿನ ಪಟ್ಟಿಗಳಿವೆ, ಸುಮಾರು 237 ಕೋಟಿ ವರ್ಷದ ಹಿಂದೆ ಬಿರುಕಿಗೆ ನುಗ್ಗಿ ಗಟ್ಟಿಯಾದ ಕರಗಿದ ಕಲ್ಲಿನ ರಸ. ಕೊರೆಯುವಾಗ ಅದು ಸಿಕ್ಕರೆ ಪುಡಿಯ ಬಣ್ಣ ಒಮ್ಮೆಲೇ ಕಡುಗಪ್ಪಿಗೆ ತಿರುಗುತ್ತದೆ, ಕೊರೆಯುವ ಬಿಟ್ ಸವೆದುಹೋಗುತ್ತದೆ.

ಇನ್ನಷ್ಟು

ಬಯಲಿನಲ್ಲಿ ನಡೆಯುವಾಗ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತಿ ಅರಚಿದರೆ ನಿಂತಲ್ಲೇ ನಿಲ್ಲಿ. ಅದರ ಮೊಟ್ಟೆ ನೆಲದ ಮೇಲೇ ಇರುತ್ತದೆ, ಗೂಡು ಅಂತ ಏನೂ ಇಲ್ಲ, ಬೆಣಚು ಕಲ್ಲುಗಳ ನಡುವೆ ಗೊತ್ತೇ ಆಗುವುದಿಲ್ಲ. ಕಾಲ ಕೆಳಗೆ ನೋಡಿಕೊಂಡು, ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಹೋಗಿ.

ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಆ ಕಡೆ ಹೋಗಲೇಬೇಡಿ. ಸೆಂಟು, ಹೊಗೆ, ಡ್ರೋನ್ ಯಾವುದೂ ಬೇಡ. ಎದ್ದರೆ ಮುಖ ಮುಚ್ಚಿಕೊಂಡು ದೂರ ಓಡಿ, ನಿಂತು ಕೈ ಬೀಸಬೇಡಿ. ಜನವರಿಯಿಂದ ಮಳೆ ಬರುವ ತನಕ ಬೀಡಿ, ಸಿಗರೇಟು ಪೂರ್ತಿ ಬಂದ್. ಒಣ ಹುಲ್ಲಿಗೂ ನೀಲಗಿರಿ ಎಲೆಗೂ ಒಂದು ಕಿಡಿ ಸಾಕು. ಹೊಗೆ ಕಂಡರೆ ವಿಡಿಯೊ ಆಮೇಲೆ, ಗಾರ್ಡ್‌ಗೆ ಮೊದಲು ಹೇಳಿ. ಪೊದೆಗಳ ಬುಡದಲ್ಲಿ ತಂತಿಯ ಉರುಳು ಕಂಡರೂ ಹಾಗೇ. ಜಾಗ ಗುರುತಿಟ್ಟುಕೊಂಡು ಬಂದು ತಿಳಿಸಿ.

ಬಂಡೆ ಹತ್ತುವ ಕ್ರೀಡೆಯ ಹುಡುಗರು ಇಲ್ಲಿ ಬಹಳ ಬರುತ್ತಾರೆ. ಅವರ ಮೇಲೆ ನನಗೆ ತಕರಾರಿಲ್ಲ, ಕಲ್ಲನ್ನು ಬೆರಳಿನಿಂದ ಬಲ್ಲವರು. ಕೈಗೆ ಹಚ್ಚುವ ಬಿಳಿ ಪುಡಿಯನ್ನು ಇಳಿದ ಮೇಲೆ ಬ್ರಷ್‌ನಿಂದ ತೆಗೆದುಬಿಟ್ಟರೆ ಸಾಕು.

ಇದೆಲ್ಲ ರೂಢಿಯಾದ ಮೇಲೆ ಸಾವನದುರ್ಗಕ್ಕೆ ಹೋಗಿ. ಮಾಗಡಿ ತಾಲ್ಲೂಕು, ಊರಿಂದ ಸುಮಾರು 60 ಕಿಲೋಮೀಟರ್. ಅಲ್ಲಿನದು ಬೇರೆ ಕಲ್ಲು, ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರಕ್ಕೆ ಹಿಂದೆ ಇದ್ದ ಹೆಸರೇ ಕ್ಲೋಸ್‌ಪೇಟೆ. ಸುಮಾರು 250 ಕೋಟಿ ವರ್ಷದ್ದು, ಲಾಲ್‌ಬಾಗ್ ಬಂಡೆಗೆ ತಮ್ಮ ಆಗಬೇಕು. ಪಟ್ಟೆ ಕಡಿಮೆ, ಗುಲಾಬಿ ಫೆಲ್ಡ್‌ಸ್ಪಾರ್ ಹೆಬ್ಬೆರಳ ಗಾತ್ರಕ್ಕೂ ಸಿಗುತ್ತದೆ. ಹಳದಿ ಕೊರಳಿನ ಪಿಕಳಾರ ಅಲ್ಲಿನ ಕಲ್ಲು, ಕುರುಚಲಿನ ನಡುವೆ ಇದೆ. ದಕ್ಷಿಣ ಭಾರತದ ಇಂಥ ಕಲ್ಲುಗುಡ್ಡಗಳನ್ನು ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಫೋನಿನಲ್ಲಿ ಅದರ ಕೂಗು ಹಾಕಿ ಕರೆಯಬೇಡಿ. ಇಳಿಜಾರು ತುರಹಳ್ಳಿಗಿಂತ ಬಹಳ ಕಡಿದು, ಕರಿ ಗೆರೆಗಳೂ ಜಾಸ್ತಿ. ಮಳೆಗಾಲದಲ್ಲಿ ಹತ್ತಬೇಡಿ. ನವೆಂಬರ್ ಕಳೆಯಲಿ, ಬೆಳಗ್ಗೆ ಬೇಗ ಹೊರಟು, ಕಲ್ಲು ಕಾಯುವ ಮೊದಲು ಇಳಿದುಬಿಡಿ.